ನೋವು ಬಲ್ಲ ಕೈಗಳು

ಕನ್ನಡದಲ್ಲಿ ಬೈಗುಳವಾಗಿ ಬಳಕೆಯಾಗುವ ಪದಗಳಲ್ಲಿ 'ಹಜಾಮ' ಎಂಬುದೂ ಒಂದು. ಕೆಲಸಕ್ಕೆ ಬಾರದವನು, ಕೀಳು ಕೆಲಸ ಮಾಡುವವನು ಎಂಬ ಅರ್ಥದಲ್ಲಿ ಅದನ್ನು ಸಲೀಸಾಗಿ ಬಳಸುತ್ತಾರೆ. ಕ್ಷೌರಿಕ ವೃತ್ತಿಯ ಸವಿತಾ ಸಮಾಜದವರು ಇದಕ್ಕೆ ಆಕ್ಷೇಪ ಹೇಳುತ್ತಲೇ ಬಂದಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದು. ಪದದ ಮೂಲ ತಿಳಿದರಂತೂ ಬೈಯುವ ನಾಲಿಗೆ ಒಂದು ಗಳಿಗೆ ತಡವರಿಸಬೇಕು. ಅರಬಿಯಲ್ಲಿ 'ಹಜ್ಜಾಮ್' ಎಂದರೆ ಹಿಜಾಮ ಮಾಡುವವನು. ಬೆನ್ನು, ಭುಜ, ಕುತ್ತಿಗೆಯ ಮೇಲೆ ಕೊಂಬನ್ನೋ ಬಟ್ಟಲನ್ನೋ ಕೂರಿಸಿ, ಒಳಗಿನ ಗಾಳಿ ಹೀರಿ, ರಕ್ತ ತೆಗೆದು ನೋವು ಇಳಿಸುವ ಚಿಕಿತ್ಸಕ ಅವನು. ಕೂದಲು ತೆಗೆಯುವ ಕತ್ತಿಯೂ ಅವನ ಕೈಯಲ್ಲೇ ಇದ್ದುದರಿಂದ ಪಾರಸಿ, ಉರ್ದುಗಳಲ್ಲಿ ಹಜ್ಜಾಮ್ ಎಂದರೆ ಕ್ಷೌರಿಕ ಎಂದಾಯಿತು. ಕನ್ನಡಕ್ಕೆ ಬರುವಷ್ಟರಲ್ಲಿ ವೈದ್ಯ ಮರೆಯಾಗಿ ಬೈಗುಳವಷ್ಟೇ ಉಳಿಯಿತು.

ಬಿಗಿದ ಸ್ನಾಯುಗಳನ್ನು ಕೈಯಿಂದ ಸಡಿಲಿಸಿ ನೋವು ಶಮನ ಮಾಡುವ ವಿದ್ಯೆಯ ಚರಿತ್ರೆ ಬಹುಮಟ್ಟಿಗೆ ಈ ಪದದ ಚರಿತ್ರೆಯಂತೆಯೇ ಇದೆ. ವಿದ್ಯೆಯನ್ನು ರಾಜರು ಹೊಗಳಿದರು, ಪಂಡಿತರು ಗ್ರಂಥಗಳಲ್ಲಿ ವರ್ಗೀಕರಿಸಿದರು. ವಿದ್ಯೆ ಯಾರ ಕೈಯಲ್ಲಿತ್ತೋ ಅವರ ಹೆಸರು ಮಾತ್ರ ದಾಖಲಾಗಲಿಲ್ಲ.

ಭಾಷೆಯಲ್ಲಿ ಅವರ ಗುರುತು ಇನ್ನೂ ಉಳಿದಿದೆ. 'ಮಾಲೀಸು' ಪಾರಸಿಯ 'ಮಾಲಿಶ್'ನಿಂದ ಬಂದದ್ದು. ಮಾಲೀದನ್ ಎಂದರೆ ಉಜ್ಜುವುದು. 'ಅಭ್ಯಂಗ', 'ಮರ್ದನ' ಸಂಸ್ಕೃತದವು. ಇವೆಲ್ಲ ಬರುವ ಮೊದಲೇ ಕನ್ನಡಕ್ಕೆ ತನ್ನವೇ ಆದ ಕ್ರಿಯಾಪದಗಳಿದ್ದವು: ಒತ್ತು, ನೀವು, ತಿಕ್ಕು, ಹಿಸುಕು, ನಾದು, ತಟ್ಟು. ಇಂದಿನ ಫಿಸಿಯೋಥೆರಪಿ ಪಠ್ಯಗಳಲ್ಲಿ ಮಸಾಜಿನ ಮುಖ್ಯ ವಿಧಾನಗಳಿಗೆ ಫ್ರೆಂಚ್ ಹೆಸರುಗಳಿವೆ. 'ಎಫ್ಲರಾಜ್' ಎಂದರೆ ನೀವುವುದು, 'ಪೆಟ್ರಿಸಾಜ್' ಎಂದರೆ ನಾದುವುದು, 'ಫ್ರಿಕ್ಷನ್' ತಿಕ್ಕುವುದು, 'ಟಪೋಟ್‌ಮಾ' ತಟ್ಟುವುದು. ಇವನ್ನು ರೂಢಿಗೆ ತಂದ ಕೀರ್ತಿಯನ್ನು ಹಾಲೆಂಡಿನ ವೈದ್ಯ ಯೋಹಾನ್ ಮೆಟ್ಸ್‌ಗರ್ (1838-1909) ಅವರಿಗೆ ಕೊಡುತ್ತಾರೆ. ನಮ್ಮ ಹಳ್ಳಿಯ ಅಜ್ಜಿಯೊಬ್ಬಳು ಮೊಮ್ಮಗುವಿಗೆ ಎಣ್ಣೆ ಹಚ್ಚುವಾಗ ಈ ನಾಲ್ಕನ್ನೂ ಅದೇ ಕ್ರಮದಲ್ಲಿ ಮಾಡುತ್ತಾಳೆ. ಆಕೆಗೆ ಅದು ಪರಿಭಾಷೆ ಅಲ್ಲ, ಕೈಯ ನೆನಪು.

ಈ ನೆನಪಿನ ಚರಿತ್ರೆಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳ ಹೆಸರುಗಳನ್ನೇ ಹಿಡಿದು ಹೊರಟರೂ ಸಾಕು.

ಮೊದಲು ಬಸವೇಶ್ವರನಗರ. ಈ ಹೆಸರು ನಮ್ಮನ್ನು 12ನೇ ಶತಮಾನದ ಕಲ್ಯಾಣಕ್ಕೆ ಕರೆದೊಯ್ಯುತ್ತದೆ. ಬಸವಣ್ಣ ಅಲ್ಲಿಗೆ ಬರುವುದಕ್ಕೆ ಕೆಲವೇ ದಶಕಗಳ ಹಿಂದೆ, 1130ರ ಆಸುಪಾಸಿನಲ್ಲಿ, ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅರಮನೆ ಬದುಕಿನ ವಿಶ್ವಕೋಶದಂತಿರುವ ಈ ಗ್ರಂಥ ರಾಜನ ಇಪ್ಪತ್ತು ಉಪಭೋಗಗಳನ್ನು ವರ್ಣಿಸುತ್ತದೆ. ಸ್ನಾನ ಅವುಗಳಲ್ಲಿ ಒಂದಾದರೆ ಪಾದಾಭ್ಯಂಗ, ಅಂದರೆ ಪಾದಗಳಿಗೆ ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದು, ಇನ್ನೊಂದು. ಕಾಲು ಒತ್ತಿಸಿಕೊಳ್ಳುವ ಸುಖಕ್ಕೆ ಒಬ್ಬ ಚಕ್ರವರ್ತಿ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿದ್ದಾನೆ. ಗ್ರಂಥ ಸುಖಪಡುವವನನ್ನು ಕುರಿತದ್ದು. ಸುಖ ಕೊಡುವ ಕೈ ಅಲ್ಲಿ ಒಂದು ಉಪಕರಣ.

ಅದೇ ಕಲ್ಯಾಣದಲ್ಲಿ ಒಂದು ತಲೆಮಾರು ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. ಬಸವಣ್ಣನವರ ಆಪ್ತ ಸೇವಕರಾಗಿದ್ದ ಹಡಪದ ಅಪ್ಪಣ್ಣ ಶರಣರ ಸಾಲಿನಲ್ಲಿ ಕುಳಿತರು. 'ಹಡಪ' ಎಂದರೆ ಎಲೆಅಡಿಕೆಯ ಚೀಲ, ಕ್ಷೌರಿಕನ ಪೆಟ್ಟಿಗೆಯೂ ಹೌದು. ಕ್ಷೌರಿಕ ಸಮುದಾಯ ಅವರನ್ನು ತನ್ನ ಹಿರಿಯರೆಂದು ಗೌರವಿಸುತ್ತದೆ. ಅವರು ವಚನಗಳನ್ನು ಬರೆದರು. ಮಡದಿ ಲಿಂಗಮ್ಮನವರೂ ಬರೆದರು. ಸೇವೆ ಮಾಡುವ ಕೈ ಕಂಠವನ್ನು ಹಿಡಿದು, ತನ್ನ ಹೆಸರಿನಲ್ಲೇ ಮಾತಾಡಿದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ವೃತ್ತಿ ಬಿಟ್ಟು ಮೇಲೇರಿದ ಕಥೆ ಇದಲ್ಲ. ಹಡಪವನ್ನು ಹೆಸರಿನಲ್ಲೇ ಉಳಿಸಿಕೊಂಡು ಸಮಾನರಾದ ಕಥೆ.

ಪಕ್ಕದ ಬಡಾವಣೆ ವಿಜಯನಗರ. ಅದರೊಳಗೆ ಹಂಪಿನಗರವೂ ಇದೆ. ಹೆಸರು ಕೊಟ್ಟ ಸಾಮ್ರಾಜ್ಯದ ರಾಜಧಾನಿಗೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಿದ್ದ. ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಯೊಬ್ಬನ ಜತೆ ಕುಸ್ತಿ ಆಡುತ್ತಿದ್ದ. ನಂತರ ಕುದುರೆ ಸವಾರಿ. ಈ ವಿವರದಲ್ಲಿ ಎಣ್ಣೆ ಭೋಗದ ವಸ್ತುವಲ್ಲ, ದೇಹವನ್ನು ದುಡಿಮೆಗೆ ಹದಗೊಳಿಸುವ ಸಾಧನ. ಕಲ್ಯಾಣದ ಪಾದಾಭ್ಯಂಗಕ್ಕೂ ಹಂಪಿಯ ಈ ಎಣ್ಣೆಗೂ ಇರುವ ವ್ಯತ್ಯಾಸ ಅದು.

ಆ ಸಾಮ್ರಾಜ್ಯ ಹೋಯಿತು, ಜಟ್ಟಿಗಳು ಉಳಿದರು. ಮೈಸೂರು ಒಡೆಯರ ಆಶ್ರಯದಲ್ಲಿದ್ದ ಜಟ್ಟಿ ಮನೆತನಗಳ ವಜ್ರಮುಷ್ಟಿ ಕಾಳಗ ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುತ್ತದೆ. ಮೈ ಮುರಿಯುವ ವಿದ್ಯೆ ಕಲಿತವರಿಗೆ ಮೈ ಕೂಡಿಸುವುದೂ ಗೊತ್ತಿರಲೇಬೇಕು. ಕೀಲು ತಪ್ಪಿದರೆ ಕೂರಿಸುವುದು, ಉಳುಕು ತೆಗೆಯುವುದು, ಬಿಗಿದ ತೊಡೆ ಹೆಗಲುಗಳನ್ನು ಒತ್ತಿ ಸಡಿಲಿಸುವುದು ಗರಡಿ ಮನೆಯ ಪಾಠದಲ್ಲೇ ಸೇರಿವೆ. ಪಟ್ಟು ಕಲಿಸುವ ಗುರುವನ್ನು ಕನ್ನಡದ ಗರಡಿಗಳಲ್ಲಿ 'ವಸ್ತಾದ್' ಎನ್ನುತ್ತಾರೆ. ಇದು ನಮ್ಮ 'ಉಸ್ತಾದ್' ಪದವೇ. ಕೆಮ್ಮಣ್ಣಿನ ಅಖಾಡದ ಗೋಡೆಯಲ್ಲಿ ಹನುಮಂತನ ಪಟ, ಕಲಿಸುವ ಗುರುವಿಗೆ ಪಾರಸಿಯಿಂದ ಬಂದ ಹೆಸರು. ಯಾರೂ ಸಭೆ ಸೇರಿ ಇದನ್ನು ತೀರ್ಮಾನಿಸಿದ್ದಲ್ಲ. ಬೆವರಿದ ಮೈಗಳು ಒಂದಕ್ಕೊಂದು ತಾಗುವ ಕಡೆ ಪದಗಳು ಹೀಗೆ ಬೆರೆಯುತ್ತವೆ. ಬೆಂಗಳೂರು ಕರಗದ ವೀರಕುಮಾರರೂ ಗರಡಿ ಮನೆಗಳಲ್ಲೇ ತಾಲೀಮು ಮಾಡುವವರು. 'ತಾಲೀಮು' ಕೂಡ ಅರಬಿಯ ಪದ ಎಂಬುದನ್ನು ನೆನೆದರೆ ಸಾಕು.

ಈಗ ಗ್ರಂಥಸ್ಥ ವಿದ್ಯೆಯ ಕಡೆ ಬರೋಣ. ಬಸವೇಶ್ವರನಗರದಲ್ಲಿ ಸಿದ್ಧಯ್ಯ ಪುರಾಣಿಕರ ಹೆಸರಿನ ರಸ್ತೆಯಲ್ಲಿ ಸರ್ಕಾರಿ ಯುನಾನಿ ವೈದ್ಯಕೀಯ ಕಾಲೇಜು ಇದೆ. ಪುರಾಣಿಕರು ಉರ್ದು ಚೆನ್ನಾಗಿ ಬಲ್ಲ ಕನ್ನಡ ಕವಿಯಾಗಿದ್ದರು. ವಿಳಾಸ ಆಕಸ್ಮಿಕವಾದರೂ ಸೊಗಸಾಗಿದೆ. ಅಲ್ಲಿಂದ ಮಾಗಡಿ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಕೊಟ್ಟಿಗೆಪಾಳ್ಯ. ಅಲ್ಲಿರುವುದು ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ 1984ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ 2004ರಿಂದ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಔಷಧಿ ನುಂಗಿಸದೆ ಮಾಡುವ ಚಿಕಿತ್ಸೆಗಳಿಗೆ ಯುನಾನಿಯಲ್ಲಿ 'ಇಲಾಜ್ ಬಿತ್ ತದ್‌ಬೀರ್' ಎಂದು ಹೆಸರು. ಹಿಜಾಮ, ಹಮ್ಮಾಮ್, ವ್ಯಾಯಾಮಗಳ ಜೊತೆಗೆ 'ದಲ್ಕ್', ಅಂದರೆ ಕೈಯಿಂದ ಉಜ್ಜುವ ಚಿಕಿತ್ಸೆಯೂ ಇದರಲ್ಲಿ ಸೇರಿದೆ.

ಯುನಾನಿ ಎಂದರೆ ಗ್ರೀಸಿನದು. ದಲ್ಕ್‌ನ ಮೂಲವೂ ಅಲ್ಲಿದೆ. ಗಟ್ಟಿಯಾಗಿ ಉಜ್ಜಿದರೆ ಮೈ ಬಿಗಿಯುತ್ತದೆ, ಮೃದುವಾಗಿ ಉಜ್ಜಿದರೆ ಸಡಿಲುತ್ತದೆ ಎಂಬ ತಿಳಿವು ಹಿಪ್ಪೊಕ್ರಾಟಿಸನ ಹೆಸರಿನ ಗ್ರಂಥಗಳಲ್ಲೇ ಸಿಗುತ್ತದೆ. ಪೆರ್ಗಮಮ್ ಪಟ್ಟಣದಲ್ಲಿ ಗ್ಲಾಡಿಯೇಟರ್‌ಗಳ ಗಾಯಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಗ್ಯಾಲನ್, ಅಂದರೆ ನಮ್ಮ ಹಕೀಮರ 'ಜಾಲೀನೂಸ್', ಅದನ್ನು ವಿಸ್ತರಿಸಿದ. 11ನೇ ಶತಮಾನದ ಆರಂಭದಲ್ಲಿ ಇಬ್ನ್ ಸೀನಾ (980-1037) ತನ್ನ 'ಅಲ್ ಕಾನೂನ್ ಫಿತ್ತಿಬ್' ಗ್ರಂಥದಲ್ಲಿ ಅದಕ್ಕೆ ಕ್ರಮ ಕೊಟ್ಟ. ಗಟ್ಟಿ ದಲ್ಕ್, ಮೃದು ದಲ್ಕ್, ದೀರ್ಘ ದಲ್ಕ್, ಹದವಾದ ದಲ್ಕ್, ಒರಟು ಬಟ್ಟೆಯಿಂದ ಉಜ್ಜಿ ರಕ್ತವನ್ನು ಚರ್ಮದ ಕಡೆ ಎಳೆಯುವ ದಲ್ಕ್, ಹೀಗೆ ಪರಿಣಾಮಕ್ಕೆ ತಕ್ಕ ಹೆಸರುಗಳಿವೆ. ವ್ಯಾಯಾಮಕ್ಕೆ ಮೊದಲು ಸ್ನಾಯುಗಳನ್ನು ಸಿದ್ಧಗೊಳಿಸುವ ದಲ್ಕ್ ಬೇರೆ, ನಂತರ ದಣಿವು ತೆಗೆಯುವ ದಲ್ಕ್ ಬೇರೆ ಎಂದು ಅವನು ಹೇಳುತ್ತಾನೆ. ಇಂದು ಕ್ರಿಕೆಟ್ ತಂಡದ ಜತೆ ತಿರುಗುವ ಮಸಾಜು ತಜ್ಞರು ಮಾಡುವುದೂ ಇದನ್ನೇ.

ಇಷ್ಟು ಸೂಕ್ಷ್ಮವಾಗಿ ವಿದ್ಯೆಯನ್ನು ಬಿಡಿಸಿಟ್ಟ ನಮ್ಮ ಪರಂಪರೆ ಅದನ್ನು ಮಾಡುವವನನ್ನು ಎಲ್ಲಿಟ್ಟಿತು? ಈ ಪ್ರಶ್ನೆಯನ್ನು ಮುಸ್ಲಿಮರು ತಮಗೆ ತಾವೇ ಹಾಕಿಕೊಳ್ಳಬೇಕು. ಪ್ರವಾದಿ(ಸ)ಯವರಿಗೆ ಹಿಜಾಮ ಮಾಡಿದ ಅಬೂ ತೈಬಾ ಗುಲಾಮನಾಗಿದ್ದ. ಪ್ರವಾದಿಯವರು ಅವನಿಗೆ ಕೂಲಿ ಅಳೆದು ಕೊಡಿಸಿದರು. ಅಷ್ಟೇ ಅಲ್ಲ, ಅವನ ದುಡಿಮೆಯಿಂದ ಯಜಮಾನರು ವಸೂಲಿ ಮಾಡುತ್ತಿದ್ದ ಪಾಲನ್ನು ಕಡಿಮೆ ಮಾಡಿಸಿದರು ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಹಜ್ಜಾಮನ ಹೆಸರೂ ಉಳಿಯಿತು, ಕೂಲಿಯೂ ಸಿಕ್ಕಿತು. ಆದರೆ ಮುಂದಿನ ಶತಮಾನಗಳಲ್ಲಿ ಮದುವೆಯ ಸಮಾನತೆಯನ್ನು, ಅಂದರೆ 'ಕಫಾಅತ್' ಅನ್ನು, ಚರ್ಚಿಸಿದ ಹನಫಿ ಫಿಕ್ಹ್ ಗ್ರಂಥಗಳು ಹಜ್ಜಾಮ, ನೇಕಾರ, ಚರ್ಮ ಹದ ಮಾಡುವವರನ್ನು ಕೆಳಗಿನ ವೃತ್ತಿಯವರೆಂದು ಎಣಿಸಿದವು. ಮನುಷ್ಯರೆಲ್ಲ ಬಾಚಣಿಗೆಯ ಹಲ್ಲುಗಳಂತೆ ಸಮಾನರು ಎಂದು ಜುಮಾ ದಿನ ಕೇಳಿ, ಮಗಳ ಸಂಬಂಧ ನೋಡುವಾಗ 'ಅವರು ಹಜಾಮರಂತೆ' ಎಂದು ಪಿಸುಗುಟ್ಟುವ ಮನೆಗಳು ಇಂದಿಗೂ ಇವೆ. ಸೋಮೇಶ್ವರನ ಅರಮನೆಗೂ ನಮ್ಮ ದಿವಾನಖಾನೆಗೂ ಈ ವಿಷಯದಲ್ಲಿ ಹೆಚ್ಚು ಅಂತರವಿಲ್ಲ.

ಕೈಯ ವಿದ್ಯೆಯನ್ನು ಹಿಡಿದು ತನ್ನ ಹೆಸರನ್ನೂ ಉಳಿಸಿಕೊಂಡ ಒಬ್ಬ ಭಾರತೀಯನಿದ್ದಾನೆ. ಆದರೆ ಅದಕ್ಕೆ ಅವನು ಇಂಗ್ಲೆಂಡಿಗೇ ಹೋಗಬೇಕಾಯಿತು. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದವನು. 1784ರಲ್ಲಿ ಐರ್ಲೆಂಡಿಗೆ ಹೋದ. ಲಂಡನ್ನಿನಲ್ಲಿ 1810ರಲ್ಲಿ ಅವನು ತೆರೆದ ಭಾರತೀಯ ಖಾನಾವಳಿ ನಷ್ಟಕ್ಕೆ ಬಿತ್ತು. ಆಮೇಲೆ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಗಿಡಮೂಲಿಕೆಯ ಹಬೆ ಸ್ನಾನ ಮತ್ತು 'ಚಂಪಿ' ಶುರು ಮಾಡಿದ. ಹಿಂದಿಯ 'ಚಾಂಪ್‌ನಾ', ಅಂದರೆ ಒತ್ತುವುದು, ಎಂಬುದರಿಂದಲೇ ಇಂಗ್ಲಿಷಿನ 'ಶ್ಯಾಂಪೂ' ಹುಟ್ಟಿತು. ಮೊದಲಿಗೆ ಅದರ ಅರ್ಥ ಮೈ ಒತ್ತುವುದೇ ಆಗಿತ್ತು. ಕೂದಲು ತೊಳೆಯುವ ಅರ್ಥ ಬಂದದ್ದು ಆಮೇಲೆ. ಕೀಲುನೋವು, ವಾತದಿಂದ ನರಳುವವರು ಅವನಲ್ಲಿಗೆ ಬಂದರು. 1822ರಲ್ಲಿ ತನ್ನ ಚಿಕಿತ್ಸೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಇಬ್ಬರು ದೊರೆಗಳಿಗೆ, ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಅವರಿಗೆ, ಶ್ಯಾಂಪೂ ಚಿಕಿತ್ಸಕನಾಗಿ ನೇಮಕಗೊಂಡ. ಅವನು ತೀರಿಕೊಂಡದ್ದು 1851ರಲ್ಲಿ.

ಅದೇ ಇಂಗ್ಲೆಂಡಿನಲ್ಲಿ 1894ರಲ್ಲಿ ಮಸಾಜು ಮನೆಗಳ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತಿದೆ ಎಂದು ದೊಡ್ಡ ಗುಲ್ಲೆದ್ದಿತು. ಈ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದ್ದ ಹೆಂಗಸರ ಮಾನವೂ ಹೋಗುವಂತಾಯಿತು. ಆಗ ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘ ಕಟ್ಟಿದರು. ಪರೀಕ್ಷೆ, ಪ್ರಮಾಣಪತ್ರ, ನಡತೆಯ ನಿಯಮಗಳನ್ನು ತಂದರು. 1920ರಲ್ಲಿ ಆ ಸಂಘಕ್ಕೆ ರಾಜಮುದ್ರೆಯ ಸನ್ನದು ಸಿಕ್ಕಿತು. ಅದೇ ಬೆಳೆದು ಬ್ರಿಟನ್ನಿನ ಫಿಸಿಯೋಥೆರಪಿ ಸಂಘವಾಯಿತು. ಭಾರತದಲ್ಲಿ ಫಿಸಿಯೋಥೆರಪಿಯೂ ಸೇರಿದಂತೆ ಇಂಥ ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗವನ್ನು ಕೊಟ್ಟ ಕಾಯ್ದೆ ಬಂದದ್ದು 2021ರಲ್ಲಿ. ಅದೃಷ್ಟವಶಾತ್ ಬಂದ ಗೌರವ ಇದಲ್ಲ. ಕೆಲಸ ಮಾಡುವವರೇ ಸಂಘಟಿತರಾಗಿ ಪಡೆದದ್ದು. ನಮ್ಮ ನಗರದ ಮುಖ್ಯರಸ್ತೆಗಳಲ್ಲಿ 'ಸ್ಪಾ' ಎಂಬ ಫಲಕ ಕಂಡರೆ ಮುಸಿ ನಗುವವರು, ಅಲ್ಲಿ ಹೊತ್ತು ಹೊತ್ತಿಗೂ ಅಪರಿಚಿತರ ಬೆನ್ನು ಒತ್ತಿ ತಮ್ಮ ಕೈಬೆರಳುಗಳ ಕೀಲು ಸವೆಸಿಕೊಳ್ಳುವ, ದೂರದ ರಾಜ್ಯಗಳಿಂದ ಬಂದ ಹುಡುಗಿಯರ ಬಗ್ಗೆ ಈ ಹಿನ್ನೆಲೆಯಲ್ಲಿ ಯೋಚಿಸಬೇಕು.

ಹೆಂಗಸರ ಕೈಗಳ ಮಾತು ಬಂದಾಗ ಕೆಂಗೇರಿಯನ್ನು ನೆನೆಯಬೇಕು. 2018ರ ಡಿಸೆಂಬರ್ 25ರಂದು ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಬರಗಾಲದ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. ಸೂಲಗಿತ್ತಿಯರ ಕೆಲಸ ಹೆರಿಗೆಯೊಂದಿಗೆ ಮುಗಿಯುತ್ತಿರಲಿಲ್ಲ. ಬಾಣಂತಿಯ ಸೊಂಟ, ತೊಡೆಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದು, ಎಳೆಗೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿ ಕೈಕಾಲು ನೀವುವುದು, ಇವೆಲ್ಲ ನಮ್ಮ ಊರುಗಳ ದಾಯಿಯರಿಗೂ ಅಜ್ಜಿಯರಿಗೂ ಸೇರಿದ ವಿದ್ಯೆ. ನರಸಮ್ಮನವರ ಹೆಸರಾದರೂ ಉಳಿಯಿತು. ಉಳಿದವರು ಬಾಣಂತನದ ಸೀರೆ, ಒಂದು ಸೇರು ಅಕ್ಕಿ, ಎಲೆಅಡಿಕೆ ತೆಗೆದುಕೊಂಡು ಹೋದರು.

ಕೈ ಒತ್ತಿದಾಗ ದೇಹದೊಳಗೆ ಏನಾಗುತ್ತದೆ? ಮೊಣಕಾಲು ತಗುಲಿದ ಕೂಡಲೇ ನಾವು ಅದನ್ನು ಉಜ್ಜಿಕೊಳ್ಳುತ್ತೇವೆ. ಅದು ಬರೀ ಅಭ್ಯಾಸವಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದಂತಿದೆ. ಸ್ಪರ್ಶದ ಸುದ್ದಿ ಹೆಚ್ಚು ಬಂದರೆ ಆ ಬಾಗಿಲು ಅರೆ ಮುಚ್ಚುತ್ತದೆ ಎಂಬುದು ಅದರ ಸಾರ. ಒತ್ತಡವನ್ನು ಗ್ರಹಿಸುವ ಗ್ರಾಹಕಗಳನ್ನು ಗುರುತಿಸಿದ ಆರ್ಡೆಂ ಪಟಪೂಟಿಯನ್ ಅವರಿಗೆ ಡೇವಿಡ್ ಜೂಲಿಯಸ್ ಜತೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ಮಾಲೀಸಿನಿಂದ ಲ್ಯಾಕ್ಟಿಕ್ ಆಮ್ಲ ಹೊರಹೋಗುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಯುವಕರ ಸ್ನಾಯುವಿನ ಚೂರುಗಳನ್ನು ಪರೀಕ್ಷಿಸಿ ಅದು ನಿಜವಲ್ಲ ಎಂದು ಕಂಡರು. ಆದರೆ ಹತ್ತು ನಿಮಿಷದ ಮಾಲೀಸು ದಣಿದ ಸ್ನಾಯುವಿನ ಉರಿಯೂತದ ಸಂಕೇತಗಳನ್ನು ತಗ್ಗಿಸಿತ್ತು.

ಹಾಗೆಂದು ಕೈಗೆ ಇಲ್ಲದ ಮಹಿಮೆಯನ್ನು ಕಟ್ಟಬಾರದು. ಮಾಲೀಸಿನ ಉಪಶಮನ ಹೆಚ್ಚಾಗಿ ಅಲ್ಪಕಾಲದ್ದು. ಹಳೆಯ ಸೊಂಟನೋವಿಗೆ ಚಲನೆ, ವ್ಯಾಯಾಮ ಬೇಕೇ ಬೇಕು. ಮೂಳೆ ಮುರಿದಲ್ಲಿ, ಜ್ವರವಿದ್ದಾಗ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗ ಒತ್ತುವುದು ಅಪಾಯ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂಬ ನಂಬಿಕೆ ನಗಿಸೀತು, ಗುಣಪಡಿಸಲಾರದು. ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸುವ ರೂಢಿಯನ್ನಂತೂ ಬಿಡಲೇಬೇಕು. ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಹೀಗೆ ತಿರುಗಿಸಿದ್ದರಿಂದ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇದಕ್ಕೆ ಕ್ಷೌರಿಕನನ್ನು ಬೈದರೆ ಮುಗಿಯುವುದಿಲ್ಲ. ಅವನಿಗೆ ಕತ್ತಿನ ರಕ್ತನಾಳಗಳ ಬಗ್ಗೆ ಯಾರು, ಯಾವಾಗ ಹೇಳಿಕೊಟ್ಟರು?

ಕೊನೆಗೆ ರಾಜಾಜಿನಗರ. ಕೈಗಾರಿಕೆಗಳ ಜತೆ ಬೆಳೆದ ಬಡಾವಣೆ. 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ ಫಲವಾದ ಇಎಸ್‌ಐ ಆಸ್ಪತ್ರೆ ಅಲ್ಲಿದೆ. ದುಡಿಯುವವನ ಸೊಂಟನೋವು ಅವನ ಹಣೆಬರಹವಲ್ಲ, ದುಡಿಸಿಕೊಂಡವರ ಹೊಣೆಯೂ ಹೌದು ಎಂದು ಒಪ್ಪಿಕೊಂಡ ಕಾಯ್ದೆ ಅದು. ಆದರೆ ಅದೇ ಪಶ್ಚಿಮ ಬೆಂಗಳೂರಿನ ಪಾದರಾಯನಪುರ, ಗೋರಿಪಾಳ್ಯಗಳಲ್ಲಿ ನೆಲದ ಮೇಲೆ ಕುಳಿತು ಊದುಬತ್ತಿ ಹೊಸೆಯುವ ಹೆಂಗಸರಿಗೆ ಯಜಮಾನನೇ ಕಣ್ಣಿಗೆ ಕಾಣುವುದಿಲ್ಲ. ವಿಮೆ ಎಲ್ಲಿಂದ ಬರಬೇಕು? ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕತ್ತು ಬಗ್ಗಿಸಿದವರು, ಬೈಕಿನ ಮೇಲೆ ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗರು, ಎಲ್ಲರ ಬೆನ್ನಿನಲ್ಲೂ ಅದೇ ಗಂಟು. ರಾಯರ ಕಾಲದಲ್ಲಿ ಎಣ್ಣೆ ಅರಸನ ಮೈಗಿತ್ತು, ಕೈ ಆಳಿನದಾಗಿತ್ತು. ಇಂದು ಅತಿ ಹೆಚ್ಚು ನೋಯುವ ಮೈ ಆಳಿನದೇ. ಆ ಮೈಗೆ ಸಿಗುವುದು ಔಷಧಿ ಅಂಗಡಿಯ ಒಂದು ನೋವಿನ ಮಾತ್ರೆ.

ಕೊಟ್ಟಿಗೆಪಾಳ್ಯದ ಸಂಸ್ಥೆಯಲ್ಲಿ ಇಬ್ನ್ ಸೀನಾನ ದಲ್ಕ್ ಪಾಠವಾಗುತ್ತದೆ. ಕೆಲವೇ ಮೈಲಿ ದೂರದ ಸಣ್ಣ ಸಲೂನಿನಲ್ಲಿ, ಗರಡಿಯಲ್ಲಿ, ಬಾಣಂತಿಯ ಬಚ್ಚಲಲ್ಲಿ ಅದೇ ವಿದ್ಯೆ ಪುಸ್ತಕವಿಲ್ಲದೆ ಉಸಿರಾಡುತ್ತಿದೆ. ಇವೆರಡೂ ಒಂದನ್ನೊಂದು ಭೇಟಿಯಾಗಬೇಕು. ಕ್ಷೌರಿಕರಿಗೆ, ವಸ್ತಾದರಿಗೆ, ದಾಯಿಯರಿಗೆ ದೇಹದ ರಚನೆಯನ್ನು ಕಲಿಸಿ ಪ್ರಮಾಣಪತ್ರ ಕೊಡುವುದು ಒಂದು ಭಾಗ. ಅವರ ಕೈಗಳಿಂದ ಕಲಿತು, ಹೇಳಿಕೊಟ್ಟವರ ಹೆಸರಿನೊಂದಿಗೆ ಬರೆದಿಡುವುದು ಇನ್ನೊಂದು ಭಾಗ. ಮೊದಲನೆಯದಷ್ಟೇ ಮಾಡಿದರೆ ಅದು ಮತ್ತೊಂದು ಮಾನಸೋಲ್ಲಾಸವಾದೀತು. ಎರಡನೆಯದನ್ನೂ ಮಾಡಿದರೆ, ಮೈ ಹಗುರಾಗಿಸಿಕೊಂಡು ಎದ್ದವನು ಕೂಲಿ ಕೊಡುವಾಗ ಎದುರಿಗಿರುವವನ ಹೆಸರನ್ನೂ ಕೇಳಿಯಾನು.